ಓನರ್ ಆಂಟಿಯ ಕೊಲೆ ಕೇಸುಗಳು

ನಮ್ಮ ಓನರ್ ಆಂಟಿಯ ಬಲಗಣ್ಣು ಎಡಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಮೂವತ್ತೊಂದು ವರ್ಷ ಅವರು ಜಾಲಹಳ್ಳಿಯ ಒಂದು ಸರ್ಕಾರಿ ಗಡಿಯಾರ ಕಾರ್ಖಾನೆಯಲ್ಲಿ, ಐಗ್ಲಾಸ್ ಎಂದು ತಾವು ಕರೆಯುತ್ತಿದ್ದ ಪುಟ್ಟ ಭೂತಗನ್ನಡಿಯನ್ನು ಆ ಕಣ್ಣಿಗೆ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳಲ್ಲಿ ತಪ್ಪು ಹುಡುಕಿದ್ದರು. ಹುಬ್ಬಿನ ಕೆಳಗೊಂದು, ಕೆನ್ನೆಯ ಮೇಲೊಂದು ಗೆರೆ ಶಾಶ್ವತವಾಗಿ ಉಳಿದುಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಏನನ್ನಾದರೂ ಗಮನವಿಟ್ಟು ನೋಡುವಾಗ ಆ ಕಣ್ಣು ತಾನಾಗಿಯೇ ಕಿರಿದಾಗುತ್ತಿತ್ತು. ತರಕಾರಿ ಗಾಡಿಯವನು ಅದನ್ನು ಕಂಡ ಕೂಡಲೇ ಮೆತ್ತಗಾದ ಟೊಮೇಟೊಗಳನ್ನು ತಾನೇ ಆರಿಸಿ ಪಕ್ಕಕ್ಕಿಡುತ್ತಿದ್ದ.

ಪೀಣ್ಯದಲ್ಲಿ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ನಾನು ಮೊದಲ ಮಹಡಿಯಲ್ಲಿ, ಅವರ ಮನೆಗೆ ಅಂಟಿದ ಪುಟ್ಟ ಮನೆಗೆ ಬಾಡಿಗೆಗೆ ಬಂದೆ. ಮನೆ ನೋಡಲು ದಾವಣಗೆರೆಯಿಂದ ಅಮ್ಮನೂ ಬಂದಿದ್ದಳು. ತನ್ನ ಮಗಳ ಶುದ್ಧ ಸಸ್ಯಾಹಾರದ ಬಗ್ಗೆ ಅಮ್ಮ ಐದು ನಿಮಿಷ ಭಾಷಣ ಮಾಡಿ, ಲಿಂಗಪೂಜೆಯಾಗದೆ ಇವಳು ಬಾಯಿಗೆ ನೀರು ಕೂಡ ಹಾಕುವುದಿಲ್ಲ ಎಂದು ನನಗೇ ಗೊತ್ತಿಲ್ಲದ ಸಂಗತಿಯೊಂದನ್ನೂ ಸೇರಿಸಿ, ಬಚ್ಚಲು ನೋಡಲು ಒಳಗೆ ಹೋದಳು. ಆಂಟಿ ನನ್ನ ಪಕ್ಕಕ್ಕೆ ಸರಿದರು. ಬಲಗಣ್ಣು ಕಿರಿದಾಯಿತು.

“ಮೊಟ್ಟೆ ತಿಂತೀಯ ಅಲ್ವಾ?”

ನಾನು ಬಚ್ಚಲಿನ ಬಾಗಿಲ ಕಡೆ ನೋಡಿದೆ.

“ದುಪಟ್ಟಾ ಮೇಲೆ ಹಳದಿ ಪುಡಿ ಇದೆ ನೋಡು. ಎಗ್ ಪಫ್ ತಿಂದಿದ್ದೀಯ. ಅಮ್ಮ ಬರೋದ್ರೊಳಗೆ ಒದರ್ಕೊ. ನನ್ನ ಮನೇಲಿ ಮಾಡ್ಬೇಡ, ಬೇಕರೀಲಿ ಎಷ್ಟಾದ್ರೂ ತಿನ್ನು. ನಾನ್ಯಾರ್ಗೂ ಹೇಳಲ್ಲ.”

ಹೇಳಲೂ ಇಲ್ಲ. ಅಮ್ಮ ಇವತ್ತಿಗೂ ನನ್ನನ್ನು ಮೆಚ್ಚಿಕೊಂಡೇ ಇದ್ದಾಳೆ.

ಆಂಟಿಯ ನಡುಮನೆಯಲ್ಲಿ ಎಲ್ಲರ ಮನೆಯಂತೆ ದೇವರ ಪಟವಿತ್ತು, ತೀರಿಹೋದ ಗಂಡನ ಫೋಟೊ ಇತ್ತು. ಅವುಗಳ ಕೆಳಗೆ ಗೋಡೆಯುದ್ದಕ್ಕೂ ಚಪ್ಪಲಿ ಡಬ್ಬಗಳ ಸಾಲು. ಒಂದೊಂದರ ಮೇಲೂ ದುಂಡು ಅಕ್ಷರದ ಚೀಟಿ: ‘ಬಾವಿ’, ‘ರೈಲು ಹಳಿ’, ‘ಲಾಡ್ಜ್’, ‘ಹೇಳದೆ ಹೋದವರು’. ಒಳಗೆಲ್ಲ ಪೇಪರಿನ ತುಣುಕುಗಳು. ರಾಜ್ಯದಲ್ಲಿ ಯಾರು ಎಲ್ಲಿ ಕೊಲೆಯಾದರು, ಯಾರು ಹಾಲು ತರಲು ಹೋಗಿ ಮರಳಲಿಲ್ಲ, ಯಾವ ಕೇಸಿನಲ್ಲಿ ಪೊಲೀಸರಿಗೆ ಜಾಡು ಸಿಗಲಿಲ್ಲ ಎಂಬುದನ್ನೆಲ್ಲ ಕತ್ತರಿಸಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಮ್ಮ ಅನುಮಾನ ಬರೆದು ಇಟ್ಟಿರುತ್ತಿದ್ದರು. ಕೇಸು ಬಗೆಹರಿದರೆ ಆ ತುಣುಕು ‘ಪಾಸ್’ ಎಂಬ ಡಬ್ಬಕ್ಕೆ ಹೋಗುತ್ತಿತ್ತು. ಆ ದಿನ ಮಾತ್ರ ಆಂಟಿ ಸ್ವಲ್ಪ ಮಂಕಾಗಿರುತ್ತಿದ್ದರು. ಎರಡು ಬೀದಿಯಾಚೆ ಇದ್ದ ಮಗಳು ದಿನಾ ಬಂದು, “ಬೇರೆಯವರ ಅಮ್ಮಂದಿರು ವಿಷ್ಣು ಸಹಸ್ರನಾಮ ಓದ್ತಾರೆ, ನಮ್ಮಮ್ಮ ಪೋಸ್ಟ್‌ಮಾರ್ಟಂ ಓದ್ತಾಳೆ” ಎಂದು ಬೈದು, ತಿಂಡಿ ಡಬ್ಬ ಇಟ್ಟು ಹೋಗುತ್ತಿದ್ದಳು.

ಸಂಜೆ ಆರೂಕಾಲಿಗೆ ಮನೆಯ ಮುಂದಿನ ಪೋರ್ಟಿಕೋದಲ್ಲಿ ನಮ್ಮ ಸಭೆ. ಸದಸ್ಯರು ಮೂವರೇ. ಆಂಟಿ, ನಾನು, ಮತ್ತು ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್. ಕಾಫಿ ಆಂಟಿಯದು, ಕೋಡುಬಳೆ ಪೋಸ್ಟ್ ಮಾಸ್ಟರದು, ನಾನು ಬರಿಗೈಯಲ್ಲಿ ಹೋಗಿ ತಿಂದು ಬರುವವಳು. ಪೋಸ್ಟ್ ಮಾಸ್ಟರಿಗೆ ಪ್ರತಿ ಕೇಸಿನಲ್ಲೂ ಅಳಿಯನ ಮೇಲೆಯೇ ಅನುಮಾನ. ಸತ್ತವರಿಗೆ ಹೆಣ್ಣುಮಕ್ಕಳೇ ಇಲ್ಲ ಎಂದರೂ, “ತಮ್ಮನ ಮಗಳಾದ್ರೂ ಇರ್ತಾಳಲ್ಲ ಮೇಡಂ, ಅವಳ ಗಂಡ” ಎನ್ನುತ್ತಿದ್ದರು. ಅವರ ಸ್ವಂತ ಅಳಿಯ ಹಾಸನದಲ್ಲಿ ಲೆಕ್ಚರರ್, ಪಾಪದವನು.

ಆಂಟಿಗೆ ಒಂದೇ ಪ್ರಶ್ನೆ. ಯಾರು ಏನು ಹೇಳಿದರೂ ಕಾಫಿ ಲೋಟ ಕೆಳಗಿಟ್ಟು, “ಅದು ನೋಡಿದ್ದಾ, ಅಂದ್ಕೊಂಡಿದ್ದಾ?” ಎಂದು ಕೇಳುತ್ತಿದ್ದರು. ಅಂದುಕೊಂಡದ್ದಾದರೆ ಹೇಳಬಹುದು, ಆದರೆ ‘ಇರಬಹುದು’ ಎಂದು ಸೇರಿಸಲೇಬೇಕು. ಇನ್ನೊಂದು ನಿಯಮವೂ ಇತ್ತು. ನಮ್ಮ ಬೀದಿಯ ಕೇಸು ಎತ್ತಬಾರದು. “ದೂರದೂರಿನವರನ್ನ ನಾವು ಕೊಲೆಗಾರ ಅಂದ್ರೆ ಅವರ ಕೂದಲೂ ಕೊಂಕಲ್ಲ. ಪಕ್ಕದ್ಮನೆಯವರನ್ನ ಅಂದ್ರೆ ನಾಳೆ ಅವರು ನಲ್ಲಿ ಹತ್ರ ಹೆಂಗೆ ನಿಲ್ಲೋದು?”

ಒಮ್ಮೆ ಆಂಟಿ ಉತ್ಸಾಹ ತಡೆಯಲಾರದೆ ಒಂದು ಹಳೆಯ ಬಾವಿ ಕೇಸಿನ ಬಗ್ಗೆ ಆ ಊರಿನ ಠಾಣೆಗೆ ನಾಲ್ಕು ಪುಟದ ಪತ್ರ ಬರೆದುಬಿಟ್ಟರು. ಹಗ್ಗದ ಗಂಟು ಬಲಗೈಯವರು ಹಾಕಿದ್ದಲ್ಲ, ಫೋಟೊ ನೋಡಿ ಎಂದು. ಎರಡು ವಾರಕ್ಕೆ ಒಬ್ಬ ಪೇದೆ ಮನೆ ಹುಡುಕಿಕೊಂಡು ಬಂದ. ಇಷ್ಟೆಲ್ಲ ಗೊತ್ತಿರುವ ಹೆಂಗಸು ಯಾರು ಎಂದು ವಿಚಾರಿಸಲು ಕಳಿಸಿದ್ದರು. ಪೋಸ್ಟ್ ಮಾಸ್ಟರ್ ತಮ್ಮ ಮನೆಯ ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ನಿಂತರು. ಆಂಟಿ ಪೇದೆಯನ್ನು ಕೂರಿಸಿ ಉಪ್ಪಿಟ್ಟು ಕೊಟ್ಟರು. ಅರ್ಧ ಗಂಟೆಯ ಮೇಲೆ ನಾನು ಇಣುಕಿದಾಗ ಆತ ತನ್ನ ಕಳೆದುಹೋದ ಬೈಕಿನ ಕಥೆ ಹೇಳುತ್ತಿದ್ದ, ಆಂಟಿ ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಿದ್ದರು.

ಇನ್ನು ನನ್ನ ಕೆಲಸದ ಬಗ್ಗೆ ಹೇಳಬೇಕು, ಯಾಕೆಂದರೆ ಮುಂದಾದ ಅನಾಹುತಕ್ಕೆ ಅದೇ ಕಾರಣ. ನಾನು ಯಂತ್ರಗಳ ಕೈಪಿಡಿ ಬರೆಯುವವಳು. ಈ ಗುಂಡಿ ಒತ್ತಿ, ಆ ಮುಚ್ಚಳ ತೆಗೆಯಿರಿ, ಕೈ ಒಳಗೆ ಹಾಕಬೇಡಿ. ಕೈಪಿಡಿಯಲ್ಲಿ ‘ಇರಬಹುದು’ಗೆ ಜಾಗವಿಲ್ಲ. ಈ ಗುಂಡಿ ಒತ್ತಿದರೆ ಯಂತ್ರ ನಿಲ್ಲಬಹುದು ಎಂದು ಬರೆದರೆ ನನ್ನ ಮ್ಯಾನೇಜರ್ ನನ್ನನ್ನೇ ನಿಲ್ಲಿಸುತ್ತಾನೆ. ವರ್ಷಗಟ್ಟಲೆ ಅದೇ ಬರೆದೂ ಬರೆದೂ, ಅನುಮಾನದ ಮಾತು ಕಂಡರೆ ಅಳಿಸಿಹಾಕುವುದು ನನ್ನ ಬೆರಳಿಗೇ ಅಭ್ಯಾಸವಾಗಿತ್ತು.

ನೆಲಮಹಡಿಯ ಒಂಟಿ ರೂಮಿನಲ್ಲಿ ಶರಣಮ್ಮ ಮತ್ತು ಮಲ್ಲಪ್ಪ ಇದ್ದರು. ರಾಯಚೂರು ಕಡೆಯವರು. ಅವಳು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಿದ್ದಳು, ಅವನು ಪೀಣ್ಯದ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಮೂರು ವರ್ಷದ ಮಗಳು ಅಂಗನವಾಡಿಗೆ ಹೋಗುತ್ತಿತ್ತು. ಒಂದು ಭಾನುವಾರ ಗಂಡ ಹೆಂಡಿರ ಜಗಳ ಮೇಲಿನವರೆಗೂ ಕೇಳಿತು. ಸೋಮವಾರ ಬೆಳಿಗ್ಗೆಯಿಂದ ಮಲ್ಲಪ್ಪ ಕಾಣಲಿಲ್ಲ. ಮೊದಲ ಮೂರು ದಿನ ಶರಣಮ್ಮ ಸಿಟ್ಟಿನಲ್ಲಿದ್ದಳು. ನಾಲ್ಕನೆಯ ದಿನ ಶೆಡ್ಡಿಗೆ ಹೋಗಿ ಕೇಳಿದರೆ, ಅವನು ತಿಂಗಳ ಹಿಂದೆಯೇ ಕೆಲಸ ಬಿಟ್ಟಿದ್ದಾನೆ ಎಂದರು. ಅವನ ಫೋನು ಸ್ವಿಚ್ ಆಫ್. ಠಾಣೆಗೆ ಹೋಗಿ ಕಾಣೆಯಾದ ದೂರು ಕೊಟ್ಟು ಬಂದಳು.

ಆ ಸಂಜೆ ನಮ್ಮ ಪೋರ್ಟಿಕೋದಲ್ಲಿ ಮೂವರೂ ಕೋಡುಬಳೆ ಕಡಿಯುತ್ತಾ ಕುಳಿತೆವು. ಕೊನೆಗೆ ಪೋಸ್ಟ್ ಮಾಸ್ಟರೇ ತಡೆಯಲಾರದೆ, “ಅಲ್ಲ ಮೇಡಂ, ರಾಜ್ಯದ ಕೇಸೆಲ್ಲ ಬಿಡಿಸ್ತೀರ, ನಿಮ್ಮನೆ ಮೆಟ್ಟಿಲ ಕೆಳಗಿಂದು ಬಿಡಿಸೋಕಾಗಲ್ವಾ?” ಎಂದು ಕೆಣಕಿದರು. ಅಳಿಯನೇ ಕಾಣೆಯಾಗಿರುವ ಕೇಸು ಅವರ ಜೀವನದಲ್ಲಿ ಇದೇ ಮೊದಲು. ಯಾರನ್ನು ಹಿಡಿಯುವುದು ಎಂದು ತೋಚದೆ ಚಡಪಡಿಸುತ್ತಿದ್ದರು.

ಆಂಟಿ ಆ ಮಾತಿಗೆ ಸೋತರು. ತಮ್ಮ ನಿಯಮ ತಾವೇ ಮುರಿದರು. ಜಗಳವಾದದ್ದು ನಿಜ. ಸೋಮವಾರ ಶರಣಮ್ಮನ ಬಕೆಟ್ಟಿನಲ್ಲಿ ಅವನ ಅಂಗಿ ನೆನೆದಿತ್ತು, ತೋಳಿನ ಮೇಲೆ ಕೆಂಪು ಕಲೆ ಇತ್ತು. ಅವತ್ತೇ ಅವಳು ಅಂಗಡಿಯಿಂದ ಬ್ಲೀಚಿಂಗ್ ಪೌಡರ್ ತಂದಳು. ಮೂರು ದಿನ ಯಾರಿಗೂ ಹೇಳಲಿಲ್ಲ, ಅಳಲೂ ಇಲ್ಲ. “ಕೈ ಮೀರಿ ಏನೋ ಆಗಿರಬಹುದು. ಆಗದೇನೂ ಇರಬಹುದು. ಸುಮ್ನೆ ಲೆಕ್ಕಕ್ಕೆ ಹೇಳ್ತಿದ್ದೀನಿ” ಎಂದು ಆಂಟಿ ಮಾತಿಗೊಂದು ‘ಇರಬಹುದು’ ಹಾಕಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ಅವರಿಗೇ ಅದು ಹಿಡಿಸಲಿಲ್ಲ ಎಂದು ಕಾಣುತ್ತದೆ, ಬೇಗ ಎದ್ದು ಒಳಗೆ ಹೋದರು.

“ನಂಗೆ ಮರೆತು ಹೋಗುತ್ತಮ್ಮಾ, ಬರೆದು ಕಳಿಸು” ಎಂದರು ಪೋಸ್ಟ್ ಮಾಸ್ಟರ್. ಮರುದಿನ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಕುಳಿತು ನಾನು ಬರೆದೆ. ಹಿನ್ನೆಲೆ, ಸಾಕ್ಷ್ಯ, ತೀರ್ಮಾನ ಎಂದು ಮೂರು ಭಾಗ. ಸಾಕ್ಷ್ಯದ ಕೆಳಗೆ ಒಂದರಿಂದ ಐದರವರೆಗೆ ಅಂಕಿ. ಬರೆಯುತ್ತಾ ಬರೆಯುತ್ತಾ ಆಂಟಿಯ ‘ಇರಬಹುದು’ಗಳೆಲ್ಲ ಉದುರಿಹೋದವು. ಓದಿ ನೋಡಿ, ಸಕ್ಕತ್ತಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಅವರಿಗೆ ಕಳಿಸಿದೆ. ಮೂವತ್ತೈದು ವರ್ಷ ತಮ್ಮ ಕೈಗೆ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವುದನ್ನೇ ವೃತ್ತಿ ಮಾಡಿಕೊಂಡಿದ್ದವರು ಅವರು. ಮುಂದಕ್ಕೆ ಕಳಿಸಿದರು.

ಮೂರೇ ದಿನಕ್ಕೆ, ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ಪಕ್ಕದವಳು ಫೋನು ಚಾಚಿದಳು. “ಇದು ನಿಮ್ಮ ಏರಿಯಾ ಅಲ್ವೇನೇ? ಪೊಲೀಸ್ ರಿಪೋರ್ಟ್ ಲೀಕ್ ಆಗಿದೆ ನೋಡು.” ನನ್ನದೇ ಅಂಕಿಗಳು, ನನ್ನದೇ ತೀರ್ಮಾನ. ಬರೆದವರ ಹೆಸರು ಇರಲಿಲ್ಲ.

ನಾನು ಮನೆಗೆ ಬರುವಷ್ಟರಲ್ಲಿ ಬೀದಿ ಬದಲಾಗಿತ್ತು. ನಲ್ಲಿಯ ಬಳಿ ಶರಣಮ್ಮನ ಕೊಡದ ಪಕ್ಕ ಯಾರೂ ಕೊಡ ಇಡಲಿಲ್ಲ. ಅಂಗನವಾಡಿಯಲ್ಲಿ ಅವಳ ಮಗಳ ಪಕ್ಕದಿಂದ ಬೇರೆ ತಾಯಂದಿರು ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡರು. ಮೂಲೆಯಲ್ಲಿ ನಿಂತ ಇಬ್ಬರು ಅವಳು ಬಟ್ಟೆ ಒಗೆಯುವುದನ್ನು ವಿಡಿಯೊ ಮಾಡಿದರು. ನಾಲ್ಕು ಜನ ಹಿರಿಯರು ಆಂಟಿಯ ಬಳಿ ಬಂದು, ಅವಳನ್ನು ಖಾಲಿ ಮಾಡಿಸಿ ಎಂದು ಹೇಳಿ ಹೋಗಿದ್ದರು. ಅವರ ಹಿಂದೆಯೇ ಶರಣಮ್ಮ ಮೇಲೆ ಬಂದಳು, ಕಂಕುಳಲ್ಲಿ ಮಗು.

“ಆಂಟಿ, ನನ್ನ ಏನಾರ ಅನ್ಲಿ, ಬೈಲಿ. ರೂಮ್ ಮಾತ್ರ ಬಿಡಸಬ್ಯಾಡ್ರಿ. ಹೋದ ತಿಂಗಳ ನನ್ನ ಫೋನ್ ಕಳದಿತ್ತು, ನಂಬರ್ ಹೊಸದು. ನಮ್ಮ ಮನಿಯವ್ರಿಗೆ ಅದು ಬಾಯಾಗ ಇಲ್ಲ. ಅವ್ರಿಗೆ ಗೊತ್ತಿರೋದು ಈ ಮನಿ ಒಂದಾ. ನಾ ಇಲ್ಲಿಂದ ಹೋದ್ನಂದ್ರ ಅವ್ರು ಬಂದು ಎಲ್ಲಿ ಹುಡಕಬೇಕ್ರಿ?”

ಆಂಟಿ ಒಳಗೆ ಹೋದರು. ಬೀರು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಐಗ್ಲಾಸ್ ಇತ್ತು. ಅವರು ಅದನ್ನು ಹಾಕಿಕೊಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಆ ಅಂಗಿ ತಗೊಂಡ್ಬಾ” ಎಂದರು.

ಕಿಟಕಿಯ ಬೆಳಕಿಗೆ ತೋಳನ್ನು ಹಿಡಿದು, ಕಲೆಯನ್ನು ಉಗುರಿನಿಂದ ಕೆರೆದು, ಬಹಳ ಹೊತ್ತು ನೋಡಿದರು. ಆಮೇಲೆ ಐಗ್ಲಾಸನ್ನು ನನ್ನ ಕಣ್ಣಿಗೆ ಕೊಟ್ಟರು. ನೂಲಿನ ಮೇಲೆ ಕೆಂಪು ಪದರ ಸುಣ್ಣದ ಹಾಗೆ ಕೂತಿತ್ತು, ಎಳೆಯೊಳಗೆ ಇಳಿದಿರಲಿಲ್ಲ, ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಪೇಂಟು. ಕಬ್ಬಿಣ ತುಕ್ಕು ಹಿಡಿಯದಿರಲಿ ಎಂದು ಶೆಡ್ಡುಗಳಲ್ಲಿ ಬಳಿಯುವ ರೆಡ್ ಆಕ್ಸೈಡ್. ಪೀಣ್ಯದಲ್ಲಿ ಪ್ರತಿ ಎರಡನೆಯವನ ಅಂಗಿಯ ಮೇಲೂ ಇರುತ್ತದೆ, ನಾನು ದಿನಾ ನೋಡುತ್ತೇನೆ.

“ಬ್ಲೀಚಿಂಗ್ ಪೌಡರ್?” ಎಂದರು ಆಂಟಿ.

“ಮೋರಿ ವಾಸನೆ ಬರತೈತಿ, ತಂದು ಹಾಕು ಅಂತ ನೀವಾ ಹೇಳಿದ್ರಲ್ರಿ.”

ಆಂಟಿ ಕುರ್ಚಿಯಲ್ಲಿ ಕುಳಿತುಬಿಟ್ಟರು. ಶರಣಮ್ಮ ಕೆಳಗೆ ಹೋದ ಮೇಲೆ ನಾನು ಬಸ್ಸಿನಲ್ಲಿ ಬರೆದದ್ದನ್ನು ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವರು ಕಾರ್ಖಾನೆಯ ಒಂದು ಪದ್ಧತಿ ಹೇಳಿದರು. ಇನ್‌ಸ್ಪೆಕ್ಷನ್ನಿನವರು ಒಂದು ಮಾಲನ್ನು ತಪ್ಪಾಗಿ ರಿಜೆಕ್ಟ್ ಮಾಡಿ, ಆಮೇಲೆ ಅದು ಸರಿಯಿದೆ ಎಂದು ಗೊತ್ತಾದರೆ, ಚೀಟಿ ಬರೆದು ಕಳಿಸುವಂತಿರಲಿಲ್ಲ. ಸಹಿ ಹಾಕಿದವರೇ ಎದ್ದು, ಅದನ್ನು ಜೋಡಿಸಿದ ಹುಡುಗಿಯ ಬೆಂಚಿನ ಹತ್ತಿರ ಹೋಗಿ, ಇಡೀ ಲೈನಿಗೆ ಕೇಳುವ ಹಾಗೆ ‘ಮಾಲು ಸರಿ ಇದೆ, ತಪ್ಪು ನಂದು’ ಎಂದು ಹೇಳಿ, ರಿಜೆಕ್ಟ್ ಎಂದು ಕಟ್ಟಿದ್ದ ಕೆಂಪು ಚೀಟಿಯನ್ನು ತಮ್ಮ ಕೈಯಾರೆ ಬಿಚ್ಚಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ಆಂಟಿ ನಾಲ್ಕು ಸಲ ಹಾಗೆ ಹೋಗಿದ್ದರಂತೆ. ನಾಲ್ವರು ಹುಡುಗಿಯರ ಹೆಸರೂ ನೆನಪಿತ್ತು.

“ಆದ್ರೆ ಬರೆದಿದ್ದು ನಾನಲ್ವಾ ಆಂಟಿ?”

“ಟ್ರೈನಿ ತಪ್ಪು ಮಾಡಿದ್ರೂ ಸಹಿ ಇನ್‌ಸ್ಪೆಕ್ಟರ್ದೇ ಕಣೇ. ಬಾಯಿ ಬಿಟ್ಟಿದ್ದು ನಾನು. ಬೀದಿಗೆ ನಾನು ಹೇಳ್ತೀನಿ. ಅವಳಿಗೆ ನೀನು ಹೇಳು.”

ಮರುದಿನ ಬೆಳಿಗ್ಗೆ ಆರೂವರೆಗೆ ಹಾಲಿನ ಬೂತಿನ ಮುಂದೆ ಇಡೀ ಬೀದಿ ಸಾಲು ನಿಂತಿತ್ತು. ಶರಣಮ್ಮ ಎಲ್ಲರಿಗಿಂತ ನಾಲ್ಕು ಮಾರು ದೂರದಲ್ಲಿ. ಆಂಟಿ ಕಾರ್ಖಾನೆಗೆ ಉಡುತ್ತಿದ್ದ ನೀಲಿ ಅಂಚಿನ ಸೀರೆ ಉಟ್ಟು ಬಂದರು. ಸಾಲಿಗೆ ಸೇರಲಿಲ್ಲ. ನೇರ ಹೋಗಿ ಶರಣಮ್ಮನ ಪಕ್ಕ ನಿಂತರು. ಕೈಯಲ್ಲಿ ಆ ಅಂಗಿ ಇತ್ತು.

“ಎಲ್ರೂ ಕೇಳಿಸ್ಕೊಳ್ಳಿ. ಫೋನಲ್ಲಿ ಓಡಾಡ್ತಿರೋ ಕಥೆ ಕಟ್ಟಿದ್ದು ನಾನು. ಪೊಲೀಸರದ್ದಲ್ಲ, ನಂದು. ನಾನು ನೋಡದೇ ಇರೋದನ್ನ ನೋಡ್ದಂಗೆ ಹೇಳ್ದೆ. ಇದು ರಕ್ತ ಅಲ್ಲ, ಪೇಂಟು. ಬೇಕಾದ್ರೆ ಬಂದು ಕೆರೆದು ನೋಡಿ. ಈ ಹುಡುಗಿ ಮೇಲೆ ಯಾವ ತಪ್ಪೂ ಇಲ್ಲ. ತಪ್ಪು ನಂದು. ಅವಳು ನನ್ನ ಮನೇಲೇ ಇರ್ತಾಳೆ. ಬೇಡ ಅನ್ನೋರು ನನ್ನ ಹತ್ರ ಮಾತಾಡಿ.”

ಪೋಸ್ಟ್ ಮಾಸ್ಟರ್ ತಲೆ ತಗ್ಗಿಸಿ ಬಂದು ಅಂಗಿಯನ್ನು ಉಗುರಿನಿಂದ ಕೆರೆದು, “ಪೇಂಟೇ” ಎಂದರು. ಹಾಲಿನವನೂ ಕೆರೆದ. ಆಮೇಲೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಶರಣಮ್ಮನಿಗೆ ತನ್ನ ಮುಂದೆ ಜಾಗ ಬಿಟ್ಟಳು. ನಾನು ಎರಡು ಹಾಲಿನ ಪ್ಯಾಕೆಟ್ ಎದೆಗೆ ಅವಚಿಕೊಂಡು ಕಂಬದ ಹಿಂದೆ ನಿಂತಿದ್ದೆ. ಒಂದು ಹೆಜ್ಜೆ ಮುಂದಿಟ್ಟು, ಬರೆದದ್ದು ನಾನು ಎನ್ನಬಹುದಿತ್ತು. ಶರಣಮ್ಮನಿಗೆ ಸಂಜೆ ಹೇಳಿದರಾಯಿತು ಎಂದುಕೊಂಡೆ.

ಆ ಸಂಜೆ ಆಂಟಿ ಬೇರೆಯೇ ಕೆಲಸ ಹಿಡಿದಿದ್ದರು. ಶರಣಮ್ಮನನ್ನು ಕೂರಿಸಿ, ಮಲ್ಲಪ್ಪ ಏನೇನು ಒಯ್ದ, ಏನು ಬಿಟ್ಟ ಎಂದು ಒಂದೊಂದಾಗಿ ಕೇಳಿದರು. ಠಾಣೆಯಲ್ಲಿ ಅಂಗಿ ಪ್ಯಾಂಟಿನ ಬಣ್ಣ ಬರೆದುಕೊಂಡಿದ್ದರು. ಕಾಲಿಗೆ ಏನು ಹಾಕಿದ್ದ ಎಂದು ಅವಳೂ ಹೇಳಿರಲಿಲ್ಲ.

“ಚಪ್ಪಲಿ ಇಲ್ಲೇ ಅದಾವ್ರಿ. ಕಬ್ಬಿಣದ ಬೂಟ್ ಹಾಕ್ಕೊಂಡು ಹೋಗ್ಯಾರ. ವೆಲ್ಡಿಂಗ್ ಗ್ಲಾಸು, ಕೈಚೀಲಾನೂ ಇಲ್ಲ.”

ಆಂಟಿಯ ಬಲಗಣ್ಣು ಮಿಂಚಿತು. “ಹೆಂಡತಿ ಬಿಟ್ಟು ಓಡಿಹೋಗೋನು ಸೇಫ್ಟಿ ಶೂ ಹಾಕ್ಕೊಂಡು ಹೋಗ್ತಾನೇನೇ? ಸಾಯೋಕೆ ಹೋಗೋನು ವೆಲ್ಡಿಂಗ್ ಗ್ಲಾಸ್ ತಗೊಂಡು ಹೋಗ್ತಾನಾ? ಅವನು ಕೆಲಸಕ್ಕೆ ಹೋಗಿದ್ದಾನೆ. ಎಲ್ಲಿಗೋ ಹೋಗಿದ್ದಾನೆ, ಆದ್ರೆ ಕೆಲಸಕ್ಕೇ.”

ನಾನು ರಜೆ ಹಾಕಿದೆ. ಎರಡು ದಿನ ಆಂಟಿಯೂ ನಾನೂ ಪೀಣ್ಯದ ಗಲ್ಲಿಗಲ್ಲಿ ತಿರುಗಿದೆವು. ಆಂಟಿಯ ತಲೆಗೆ ಸೆರಗು, ಕಪ್ಪು ಕನ್ನಡಕ, ನೀರಿನ ಬಾಟಲಿ, ರೆಕ್ಸಿನ್ ಚೀಲ. ಶೆಡ್ಡುಗಳ ಮುಂದೆ ನಿಂತು ಇವರು ಕೇಳುವ ಧಾಟಿಗೆ ಎರಡು ಕಡೆ ಲೇಬರ್ ಆಫೀಸಿನವರೆಂದು ತಿಳಿದು ಕುರ್ಚಿ ಹಾಕಿದರು. ಒಂದು ಕಡೆ ಲೆಡ್ಜರ್‌ಗಳನ್ನೂ ತಂದಿಟ್ಟರು. ಆಂಟಿ ಅದನ್ನೂ ತಿರುವಿ ನೋಡಿ, ಅಕ್ಷರ ದುಂಡಗಿದೆ ಎಂದು ಹೊಗಳಿ ಬಂದರು. ಕೊನೆಗೆ ಸುಳಿವು ಕೊಟ್ಟವನು ತಳ್ಳುಗಾಡಿಯಲ್ಲಿ ಚಿತ್ರಾನ್ನ ಮಾರುವವನು.

“ಆ ಬ್ಯಾಚಾ ಮೇಡಂ? ಕಂಟ್ರಾಕ್ಟರ್ ಒಬ್ರು ಎಂಟು ಜನಾನ ದಾಬಸ್‌ಪೇಟೆ ಕಡೆ ಕರ್ಕೊಂಡೋದ್ರು, ಶೆಡ್ ಎಬ್ಬಿಸೋಕೆ. ಸೋಮವಾರ ಬೆಳಗ್ಗೆ ಇಲ್ಲೇ ತಿಂಡಿ ತಿಂದ್ರು. ಅವ್ರ ನಂಬರ್ ಐತೆ, ಕೊಡ್ಲಾ?”

ಕಂಟ್ರಾಕ್ಟರ್ ಫೋನು ಎತ್ತಿದ ಕೂಡಲೇ, “ಅಯ್ಯೋ, ಮಲ್ಲಪ್ಪನ ಮನೆಯೋರಾ? ನಾವೇ ನಿಮ್ಮನ್ನ ಹುಡುಕ್ತಿದ್ದೀವಲ್ಲ” ಎಂದ. ಮಲ್ಲಪ್ಪ ಹೋದ ಎರಡನೆಯ ದಿನವೇ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ತುಮಕೂರಿನ ಆಸ್ಪತ್ರೆಯಲ್ಲಿದ್ದ. ಅವನ ಫೋನು ಅವನ ಕೆಳಗೇ ಸಿಕ್ಕಿ ಪುಡಿಯಾಗಿತ್ತು. ಹೆಂಡತಿಯ ಹೊಸ ನಂಬರು ಅದರಲ್ಲಿ ಮಾತ್ರ ಇತ್ತು. ಜಾಲಹಳ್ಳಿಯಲ್ಲಿ ಮನೆ, ಮುಂದೆ ಒಂದು ನುಗ್ಗೆ ಮರ ಇದೆ ಎಂದಷ್ಟೇ ವಿಳಾಸ ಹೇಳುತ್ತಿದ್ದನಂತೆ. ಗೆಳೆಯನೊಬ್ಬ ಒಂದು ಭಾನುವಾರ ಪೂರ್ತಿ ನುಗ್ಗೆ ಮರ ಹುಡುಕಿ ವಾಪಸು ಹೋಗಿದ್ದ.

ಆಸ್ಪತ್ರೆಯಲ್ಲಿ ಶರಣಮ್ಮನನ್ನು ಕಂಡ ಮಲ್ಲಪ್ಪನ ಮೊದಲ ಮಾತು, “ನಿನ್ನ ನಂಬರ್ ಎಷ್ಟ ಲೇ?” ಅವಳು ಅಳುತ್ತಲೇ ಅವನನ್ನು ಬೈದಳು, ಬೈಯುತ್ತಲೇ ಅತ್ತಳು, ವಾರ್ಡಿನ ಎಲ್ಲ ಹಾಸಿಗೆಯವರೂ ಎದ್ದು ಕುಳಿತು ನೋಡಿದರು. ಮನೆಗೆ ದುಡ್ಡು ಕೊಡಲಿಲ್ಲವೆಂದು ಜಗಳವಾಗಿತ್ತು, ಕೆಲಸ ಬಿಟ್ಟದ್ದನ್ನು ಆಗಲೂ ಅವನು ಬಾಯಿಬಿಟ್ಟಿರಲಿಲ್ಲ, ಹೊಸ ಕೆಲಸ ಮಾಡಿ ತೋರಿಸಿಯೇ ಬರುತ್ತೇನೆ ಎಂದು ಸಿಟ್ಟಿನಲ್ಲಿ ಹೇಳದೆ ಹೋಗಿದ್ದ. ಆಂಟಿ ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಎತ್ತಿ ಹಿಡಿದು, “ಮೊದ್ಲು ಹತ್ತು ಅಂಕಿ ಬಾಯಿಪಾಠ ಮಾಡು. ಆಮೇಲೆ ಹಣ್ಣು” ಎಂದರು. ಅವನು ಮಗ್ಗಿಯಂತೆ ಹೇಳಿದ. ಪಕ್ಕದ ಹಾಸಿಗೆಯ ಮುದುಕನಿಗೂ ಶರಣಮ್ಮನ ನಂಬರು ಬಾಯಿಗೆ ಬಂತು. ಮನೆಗೆ ಬಂದು ಆಂಟಿ ‘ಹೇಳದೆ ಹೋದವರು’ ಡಬ್ಬದಿಂದ ಒಂದು ಚೀಟಿ ತೆಗೆದು ‘ಪಾಸ್’ಗೆ ಹಾಕಿದರು. ಆ ಸಲ ಮಂಕಾಗಲಿಲ್ಲ.

ನಮ್ಮ ಸಭೆ ಮತ್ತೆ ಶುರುವಾಯಿತು. ನನ್ನ ಬರವಣಿಗೆಗೆ ಮಾತ್ರ ಶಾಶ್ವತ ರಜೆ. ಮಲ್ಲಪ್ಪ ಕುಂಟುತ್ತಾ ಬಂದ, ಆಮೇಲೆ ಕುಂಟದೆ ಓಡಾಡಿದ, ಬೀದಿಯ ಅರ್ಧ ಮನೆಗಳಿಗೆ ಕಿಟಕಿ ಗ್ರಿಲ್ ಮಾಡಿಕೊಟ್ಟ. ಶರಣಮ್ಮನಿಗೆ ಹೇಳುವುದು ನನ್ನಿಂದ ಮುಂದಕ್ಕೆ ಹೋಗುತ್ತಲೇ ಇತ್ತು. ಅವನು ಆಸ್ಪತ್ರೆಯಿಂದ ಬರಲಿ ಎಂದುಕೊಂಡೆ. ಹಬ್ಬ ಮುಗಿಯಲಿ ಎಂದುಕೊಂಡೆ. ಅವಳು ಊರಿಂದ ಬಂದಾಗಲೆಲ್ಲ ನನಗೆಂದು ಶೇಂಗಾ ಚಟ್ನಿ ತಂದುಕೊಡುತ್ತಿದ್ದಳು. ಆ ಡಬ್ಬಿ ಕೈಗೆ ಬಂದಾಗ ಹೇಳಲು ಇನ್ನೂ ಕಷ್ಟವಾಗುತ್ತಿತ್ತು. ಎಲ್ಲ ಸರಿಹೋಗಿದೆಯಲ್ಲ, ಈಗೇಕೆ ಕೆದಕುವುದು ಎಂದು ಕೊನೆಗೆ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಹೇಳಿದೆಯಾ ಎಂದು ಆಂಟಿ ಒಂದು ದಿನವೂ ಕೇಳಲಿಲ್ಲ.

ನಾಲ್ಕು ವರ್ಷದ ಮೇಲೆ, ಒಂದು ಮಧ್ಯಾಹ್ನ, ಊಟ ಮಾಡಿ ಪೇಪರ್ ಹಿಡಿದು ಕುಳಿತ ಆಂಟಿ ಹಾಗೆಯೇ ಹೋಗಿಬಿಟ್ಟರು. ಹೃದಯಾಘಾತ ಎಂದರು ಡಾಕ್ಟರು. ಕತ್ತರಿ ತೊಡೆಯ ಮೇಲಿತ್ತು. ಮಗಳು ಡಬ್ಬಗಳನ್ನು ತಬ್ಬಿಕೊಂಡು ಅತ್ತಳು. ಅಂತ್ಯಕ್ರಿಯೆಗೆಲ್ಲ ಓಡಾಡಿದವನು ಆಂಟಿಯ ಅಳಿಯ. ಪೋಸ್ಟ್ ಮಾಸ್ಟರ್ ಅವನ ಕೈ ಹಿಡಿದುಕೊಂಡು, “ನಿಮ್ಮ ಮೇಲೆ ನಂಗೆ ಯಾವತ್ತೂ ಏನೂ ಇರ್ಲಿಲ್ಲಪ್ಪ” ಎಂದು ಬಿಕ್ಕಿದರು. ಏನು ಎಂದು ಆ ಬಡಪಾಯಿಗೆ ಇವತ್ತಿಗೂ ತಿಳಿದಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ನಾನು ಶರಣಮ್ಮನ ರೂಮಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಟ್ಟೆ ಹಾಕಿ ನನ್ನನ್ನೂ ಕೂರಿಸಿದಳು. ತುತ್ತು ಎತ್ತುವ ಮೊದಲೇ ಹೇಳಬೇಕೆಂದು ಹೇಳಿದೆ.

“ಶರಣಮ್ಮ, ಅವತ್ತು ಆ ಮೆಸೇಜ್ ಬರೆದಿದ್ದು ಆಂಟಿ ಅಲ್ಲ. ನಾನು.”

ಅವಳ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು.

“ಗೊತ್ತೈತ್ರಿ ಅಕ್ಕಾ.”

“ಆಂಟಿ ಹೇಳಿದ್ರಾ?”

“ಅವರ್ಯಾಕ ಹೇಳ್ತಾರ್ರಿ? ಅವ್ರ ಹತ್ರ ಇದ್ದದ್ದು ಗುಂಡಿ ಫೋನು. ಅದರಾಗ ಅಷ್ಟುದ್ದ ಹೆಂಗ ಬರೀತಾರ? ಹಾಲಿನ ಬೂತಿನ ಹತ್ರ ಎಲ್ಲಾರೂ ಆಂಟಿ ಮಾರಿ ನೋಡ್ತಿದ್ರು. ನಾ ನಿಮ್ಮ ಮಾರಿ ನೋಡಿದ್ನಿ.”

ನಾನು ತಲೆ ತಗ್ಗಿಸಿ ಖಾಲಿ ತಟ್ಟೆಯ ಅಂಚು ಹಿಡಿದುಕೊಂಡೆ.

“ಹೋಗಿ ಆಂಟೀನ ಕೇಳಿದ್ನಿ, ಅಕ್ಕಾರೇನ್ರಿ ಬರದದ್ದು ಅಂತ. ಅವ್ರು ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ‘ಅವಳು ಒಳ್ಳೆ ಹುಡುಗಿ, ತಾನೇ ಬಂದು ಹೇಳ್ತಾಳೆ, ನೀನಾಗಿ ಕೇಳ್ಬೇಡ’ ಅಂದ್ರು. ಅದಕ ಕೇಳ್ಲಿಲ್ರಿ. ಆಮೇಲೂ ಎರಡು ಮೂರು ಸರ್ತಿ ಆಂಟಿ ತಾವಾ ಕೇಳ್ತಿದ್ರು, ‘ಬಂದಿದ್ಲಾ?’ ಅಂತ. ಇಲ್ರಿ ಅಂತಿದ್ನಿ. ‘ಬರ್ತಾಳೆ ಬಿಡು’ ಅಂತಿದ್ರು.”

ನಾನು ತಟ್ಟೆಯ ಮುಂದೆ ಕುಳಿತು ಅತ್ತೆ. ಶರಣಮ್ಮ ಹಂಚಿನಿಂದ ಬಿಸಿ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದಳು.

“ಉಣ್ರಿ ಅಕ್ಕಾ, ಆರತೈತಿ. ಹೇಳಿದ್ರಲ್ಲ.”